ಒಲೆಯ ಪಕ್ಕದ ಕಿವುಡ

ಆ ದಿನವೂ ಯಾರೂ ಸುಲ್ತಾನರನ್ನು ಬೈಯಲಿಲ್ಲ.

ಹುಲೂಸಿ ಎಫೆಂದಿ ಕಾಫಿಖಾನೆಯ ಒಲೆಯ ಪಕ್ಕ ಕುಳಿತು, ಕಿವಿ ಕೇಳಿಸದವನ ಪೆದ್ದು ನಗೆಯನ್ನು ಮುಖಕ್ಕೆ ಅಂಟಿಸಿಕೊಂಡು, ಬೆಳಗಿನಿಂದ ಕಾಯುತ್ತಿದ್ದ. ಬೇಹುಗಾರನಿಗೆ ಕಿವುಡನ ವೇಷ! ಇಸ್ತಾನ್‌ಬುಲ್‌ನ ಇನ್ನಾವ ಗೂಢಚಾರನಿಗೂ ಹೊಳೆಯದ ಉಪಾಯ ತನಗೆ ಹೊಳೆದಿದೆಯೆಂದು ಅವನಿಗೆ ಭಾರೀ ಹೆಮ್ಮೆ. ಕಿವುಡನ ಮುಂದೆ ಯಾರು ತಾನೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ? ಎಂಟು ತಿಂಗಳಿಂದ ಇಲ್ಲಿ ಕೇಳಿದ್ದನ್ನೆಲ್ಲ ವಾರಕ್ಕೊಮ್ಮೆ ಬರೆದು ಕಚೇರಿಗೆ ಒಪ್ಪಿಸುತ್ತಿದ್ದ.

ಕೇಳಿದ್ದಾದರೂ ಏನು? ಬೀದಿ ನಲ್ಲಿ ಕಟ್ಟಿದೆ. ರೊಟ್ಟಿಯವನು ತೂಕದಲ್ಲಿ ಮೋಸ ಮಾಡುತ್ತಾನೆ. ದೋಣಿಕಟ್ಟೆಯ ಹಲಗೆ ಮುರಿದಿದೆ.

ಮೊನ್ನೆ ಮೇಲಧಿಕಾರಿ ಆ ಕಾಗದಗಳನ್ನು ಅವನ ಮೂಗಿನ ಮುಂದೆ ಬೀಸಿದ್ದ. "ಏನಯ್ಯಾ ಇದು? ನಿನ್ನ ಕಳಿಸಿದ್ದು ರಾಜದ್ರೋಹ ಹುಡುಕೋಕೋ, ಚರಂಡಿ ಹುಡುಕೋಕೋ? ನೀನು ಬರೆದಿದ್ದನ್ನೆಲ್ಲ ರಿಪೇರಿಯವರಿಗೆ ಕಳಿಸಿ ಕಳಿಸಿ ನನ್ನ ಗುಮಾಸ್ತನ ಕೈ ಬಿದ್ದುಹೋಯ್ತು. ಶುಕ್ರವಾರದೊಳಗೆ ಸುಲ್ತಾನರನ್ನ ಬೈದವನ ಹೆಸರು ಒಂದಾದ್ರೂ ತಾ. ಇಲ್ಲಾಂದ್ರೆ ಎರ್ಜುರುಮ್‌ಗೆ ಗಂಟುಮೂಟೆ ಕಟ್ಟು."

ಎರ್ಜುರುಮ್ ಎಂದರೆ ಅರ್ಧ ವರ್ಷ ಹಿಮ. ಹೆಸರು ಕೇಳಿದ್ದಕ್ಕೇ ಹುಲೂಸಿಯ ಮಂಡಿಗಳು ನೋಯತೊಡಗಿದ್ದವು. ಇಂದು ಗುರುವಾರ.

ಬಾಗಿಲು ತೆರೆಯಿತು. ಉಸ್ಕುದಾರ್‌ನಿಂದ ಸಮುದ್ರ ದಾಟಿ ಬಂದ ಅಪರಿಚಿತನೊಬ್ಬ ಒಳಗೆ ಕಾಲಿಟ್ಟ. ಯಜಮಾನ ಜಫೆರ್ ಆಗಾ ಅವನನ್ನು ನೇರವಾಗಿ ಹುಲೂಸಿಯ ಮಗ್ಗುಲಲ್ಲೇ ಕೂರಿಸಿದ. ಹೊಸಬರಿಗೆಲ್ಲ ಅದೇ ಜಾಗ. ಬಂದವನು ತಮ್ಮ ಬೀದಿಯ ಸ್ನಾನಗೃಹದ ಚರಂಡಿಯ ಕಥೆ ಶುರುಮಾಡಿದ.

"ಜೋರಾಗಿ ಹೇಳಪ್ಪಾ," ಎಂದ ಜಫೆರ್ ಆಗಾ. "ಯಾವ ಬೀದಿ ಅಂದೆ?"

"ತಾಮ್ರದ ಕೆಲಸದವರ ಬೀದಿ."

"ಎಡಗಡೆನೋ ಬಲಗಡೆನೋ?"

"ಎಡಗಡೆ. ಮಸೀದಿ ದಾಟಿದ ತಕ್ಷಣ."

ಈ ಕಾಫಿಗಾಗಿ ಜನ ಸಮುದ್ರ ದಾಟಿ ಬರುತ್ತಾರಲ್ಲ ಎಂದು ಹುಲೂಸಿಗೆ ಅಚ್ಚರಿ. ಅರ್ಧಕ್ಕರ್ಧ ಹುರಿಗಡಲೆ ಪುಡಿ ಬೆರೆಸಿದ ಕಷಾಯ ಅದು. ಈ ಊರಿನವರ ನಾಲಿಗೆ ಕೆಟ್ಟಿದೆ ಎಂದುಕೊಂಡ.

ಅಷ್ಟರಲ್ಲಿ ದೋಣಿಗಾರ ತೊದೊರಿ ನುಗ್ಗಿ ಬಂದ. "ಹಲಗೆ ಎರಡು ಮುರಿದಿದೆ ಅಂತ ಇದೇ ಜಾಗದಲ್ಲಿ ಕೂತು ಬಾಯಿ ಬಡ್ಕೊಂಡಿದ್ದೆ. ಒಂದೇ ಒಂದು ಹಾಕಿ ಹೋಗಿದಾರೆ! ಇನ್ನೊಂದರ ಸಂದಿಲಿ ನಮ್ಮತ್ತೆ ಕಾಲು ಸಿಕ್ಕಾಕೊಂತು."

"ಕಾಲು ತಾನೇ ಸಿಕ್ಕಿದ್ದು?" ಎಂದ ಹತ್ತಿ ಹಿಂಜುವ ಇದ್ರಿಸ್.

"ಅದೇ ಕಣೋ ಕಷ್ಟ. ಬಾಯಿ ಹೊರಗೇ ಇತ್ತು."

ಎಲ್ಲರೂ ನಕ್ಕರು. ತೊದೊರಿ ಮಾತ್ರ ಹುಲೂಸಿಯನ್ನೇ ದುರುಗುಟ್ಟಿ ನೋಡಿದ. ಕಳೆದ ವಾರ ತೂಕಡಿಸುತ್ತಾ, ಒಂದೋ ಎರಡೋ ಯಾರಿಗೆ ಬೇಕು ಎಂದು 'ಒಂದು ಹಲಗೆ' ಎಂದೇ ಗೀಚಿದ್ದು ಹುಲೂಸಿಗೆ ನೆನಪಾಯಿತು. ಪೆದ್ದು ನಗೆಯನ್ನು ಇನ್ನೊಂದಿಷ್ಟು ಅಗಲ ಮಾಡಿದ.

ಅವನ ಸೊಂಟಪಟ್ಟಿಯಲ್ಲಿ ಬೆಳಿಗ್ಗೆಯೇ ಬರೆದಿಟ್ಟ ಕಾಗದವಿತ್ತು. 'ದೋಣಿಗಾರ ತೊದೊರಿ ಸುಲ್ತಾನರನ್ನು ಬಾಯಿಗೆ ಬಂದಂತೆ ಬೈದ.' ಶುದ್ಧ ಸುಳ್ಳು. ಅದನ್ನು ಕೊಟ್ಟರೆ ತಾನು ಉಳಿಯುತ್ತಿದ್ದ, ತೊದೊರಿ ಸೆರೆಮನೆಗೆ ಹೋಗುತ್ತಿದ್ದ.

ತೊದೊರಿ ಗೊಣಗುತ್ತಲೇ ತಾನು ಹೊದ್ದಿದ್ದ ಕುರಿದೊಗಲನ್ನು ತೆಗೆದು ಹುಲೂಸಿಯ ಮಂಡಿಗಳ ಮೇಲೆ ಹೊದಿಸಿದ. "ಪಾಪ, ಚಳಿಗೆ ನಡುಗ್ತಿದಾನೆ."

ಹುಲೂಸಿಗೆ ನಾಚಿಕೆಯಾಯಿತು. ಕಿವಿಯವರೆಗೂ ಕೆಂಪೇರುವಂಥ ನಾಚಿಕೆ. ಎಂಟು ತಿಂಗಳ ಮಹಾ ಬೇಹುಗಾರಿಕೆಯಲ್ಲಿ ತಾನು ಹಿಡಿದದ್ದು ಒಂದು ನಲ್ಲಿ, ಒಬ್ಬ ರೊಟ್ಟಿಯವ, ಅರ್ಧ ದೋಣಿಕಟ್ಟೆ. ಇನ್ನು ಕೊನೆಗೆ ಈ ಪಾಪದವನನ್ನು ಹಿಡಿಯಬೇಕೇ? ಕಾಗದವನ್ನು ಒಲೆಗೆ ಹಾಕಿದ. ಎದ್ದು ನಿಂತು, ಕಿವುಡರಂತೆ ಗಟ್ಟಿಯಾಗಿ ಕೂಗಿದ.

"ನಾನು ಎರ್ಜುರುಮ್‌ಗೆ ಹೋಗ್ತಿದೀನಿ! ಇನ್ನು ಬರಲ್ಲ!"

ಹುಕ್ಕಾಗಳ ಗುಳುಗುಳು ಒಮ್ಮೆಲೇ ನಿಂತಿತು.

"ಅಯ್ಯೋ, ಹಾಗಾದ್ರೆ ನಮ್ಮ ಚರಂಡಿ?" ಎಂದ ಉಸ್ಕುದಾರ್‌ನವನು. ಜಫೆರ್ ಆಗಾ ಅವನ ಕಾಲು ತುಳಿದ. ಆಮೇಲೆ ಹುಲೂಸಿಯತ್ತ ಬೆನ್ನು ಮಾಡಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕೇಳಿದ. "ಇದ್ರಿಸ್, ಮೊನ್ನೆ ಸುಲ್ತಾನರನ್ನ ಕೆಟ್ಟದಾಗಿ ಬೈದನಲ್ಲ, ಯಾರಪ್ಪಾ ಅವನು?"

ಇದ್ರಿಸ್ ಕ್ಷಣಕಾಲ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅವನ ಮುಖ ಅರಳಿತು. "ಕೆಂಪು ಗಡ್ಡದ ಶಾಬಾನ್, ಆಗಾ! ಹಗ್ಗ ಹೊಸೆಯೋ ವೇಯ್ಸೆಲ್‌ನ ಮಗ!"

"ಅಲ್ಲ, ಶಾಬಾನ್ ಸತ್ತು ನಾಲ್ಕು ವರ್ಷ..." ಎಂದು ಮೂಲೆಯಿಂದ ಯಾರೋ ಬಾಯಿ ಹಾಕಿದರು.

"ಅದನ್ನ ಯಾಕಯ್ಯಾ ಜೋರಾಗಿ ಹೇಳ್ತೀಯಾ?" ಎಂದು ಜಫೆರ್ ಆಗಾ ಗದರಿದ. "ಹುಡುಕೋರು ಹುಡುಕ್ಲಿ. ಇನ್ನೆರಡು ವರ್ಷ ಹಿಡಿಯುತ್ತೆ."

ಹುಲೂಸಿ ನಿಂತಲ್ಲೇ ನಿಂತಿದ್ದ. ಪೆದ್ದು ನಗೆ ಮುಖದ ಮೇಲೇ ಉಳಿದಿತ್ತು, ಈಗ ಅದಕ್ಕೆ ನಟನೆ ಬೇಕಿರಲಿಲ್ಲ. ಕುರಿದೊಗಲನ್ನು ಮಡಿಸಿಟ್ಟು, ಯಾರ ಮುಖವನ್ನೂ ನೋಡದೆ ಬಾಗಿಲಿನತ್ತ ನಡೆದ.

ಹೊಸ್ತಿಲು ದಾಟುವಾಗ, ಬೆನ್ನ ಹಿಂದಿನಿಂದ ತೊದೊರಿ ಪಿಸುಗುಟ್ಟಿದ. "ಎರಡು ಹಲಗೆ, ಎಫೆಂದಿ. ಈ ಸಲ ಸರಿಯಾಗಿ ಬರೀರಿ."