ಮನೆಗೊಂದು ಕಟ್ಟಿಗೆ

ಮಾಸ್ತಿಯ ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿ ಮಧ್ಯಾಹ್ನ ಕಳೆದರೂ ಗಟಾರದ ಆಚೆಯಿಂದ ಒಂದೇ ಒಂದು ಕಟ್ಟಿಗೆ ಬರಲಿಲ್ಲ. ಬೈತಖೋಲದ ಹತ್ತಿರದ ಈ ಮೀನುಗಾರರ ಕೇರಿಯಲ್ಲಿ ಯಾರೇ ಸತ್ತರೂ ಮನೆಗೊಂದು ಕಟ್ಟಿಗೆ ತಂದು ಹಾಕುವುದು ಹಿಂದಿನಿಂದ ನಡೆದು ಬಂದದ್ದು. ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಕಟ್ಟಿಗೆ ಹೆಗಲೇರುತ್ತದೆ, ಅಷ್ಟೇ. ಇಂದು ಮಾತ್ರ ಗಟಾರದ ಈಚೆಯ ಏಳೆಂಟು ಮನೆಯವರು ತಂದದ್ದಷ್ಟೇ ತೆಂಗಿನ ಬುಡದಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಒಬ್ಬ ಮನುಷ್ಯನ ಕಾಲು ಕೂಡ ಸುಡುವುದಿಲ್ಲ.

ಸತ್ತವನ ಮಗ ಮಂಗೇಶ ಅಂಗಳದ ತುದಿಯಲ್ಲಿ ನಿಂತು ಗಟಾರದ ಕಡೆಗೇ ನೋಡುತ್ತಿದ್ದ. ಅಲ್ಲಿ ಅವನದೇ ಬೋರ್ಡು ಅವನನ್ನು ನೋಡುತ್ತಿತ್ತು. ಕಳೆದ ನಗರಸಭೆ ಚುನಾವಣೆಗೆ ಮೊದಲು ಈ ಗಟಾರವನ್ನೇ ಗಡಿ ಮಾಡಿ ಒಂದು ಕೇರಿಯನ್ನು ಎರಡು ವಾರ್ಡಿಗೆ ಹಂಚಿದ್ದರು. ಈಚೆಯ ವಾರ್ಡಿಗೆ ಮಂಗೇಶ ಮೆಂಬರಾದ. ಗೆದ್ದವನು ಮಾಡಿದ ಮೊದಲ ಕೆಲಸವೆಂದರೆ ಗಟಾರದ ಅಂಚಿಗೆ ಗಾಳಿಮರದ ಕಂಬ ನೆಟ್ಟು ‘ನಮ್ಮ ವಾರ್ಡಿಗೆ ಸ್ವಾಗತ’ ಎಂದು ಹಲಗೆ ಹೊಡೆಸಿದ್ದು. ಸ್ವಾಗತಕ್ಕಿಂತ ದೊಡ್ಡ ಅಕ್ಷರದಲ್ಲಿ ಕೆಳಗೆ ಅವನ ಹೆಸರು! ಆಮೇಲೆ ಆ ಕಂಬದ ಬುಡದವರೆಗೆ ಕಾಂಕ್ರೀಟು ರಸ್ತೆಯೂ ಬಂತು. ಅಲ್ಲಿಂದ ಆಚೆ ಒಂದು ಗೇಣೂ ಹೋಗಲಿಲ್ಲ. ಆಚೆಯವರು ಸಮುದ್ರದ ತನಕ ಅದೇ ಹಳೇ ಮರಳಲ್ಲಿ ಕಾಲೆಳೆದುಕೊಂಡು ಓಡಾಡಬೇಕು.

“ಕಟ್ಟಿಗೆ ಡಿಪೋಕ್ಕೆ ಟೆಂಪೋ ಕಳಿಸ್ಲಾ ಮಂಗೇಶಣ್ಣ?” ಚುನಾವಣೆಯಲ್ಲಿ ಅವನ ಹಿಂದೆಯೇ ಓಡಾಡಿದ್ದ ಸಂಕೇತ ಮೊಬೈಲ್ ಹೊರತೆಗೆದು ಮೆಲ್ಲಗೆ ಕೇಳಿದ. “ಹೊತ್ತು ಮುಳುಗೂದ್ರೊಳಗೆ ಬೆಂಕಿ ಆಗ್ಬೇಕಲ್ಲ.”

ಹೆಣದ ತಲೆಯ ಹತ್ತಿರ ಕೂತಿದ್ದ ತಾಯಿ ಹೀರಾ ತಟ್ಟನೆ ತಲೆಯೆತ್ತಿದಳು. “ಟೆಂಪೋ ಬಂದ್ರೆ ನಾನೂ ಇಲ್ಲೇ ಜೀವ ಬಿಡ್ತೆ ನೋಡು. ಈ ಕೇರೀಲಿ ಇವ್ರು ಹೆಗಲು ಕೊಡದ ಚಟ್ಟ ಯಾವ್ದದೆ? ಅಂಥವ್ರನ್ನ ಕೊಂಡ ಕಟ್ಟಿಗೇಲಿ ಸುಡೂದಾ? ದಿಕ್ಕಿಲ್ದವ್ರಾ ಇವ್ರು?”

“ಮತ್ತೆ ಎಂತ ಮಾಡ್ಲಿ ಆಯಿ?”

“ಹೋಗು. ರೂಪೇಶನ್ನ ಕೇಳು.”

“ಯಾವ ಮೋರೆ ಇಟ್ಕಂಡು ಕೇಳ್ಲಿ?”

“ಅದು ನಿಂಗೇ ಗೊತ್ತು.”

ಗೊತ್ತಿತ್ತು. ಆಚೆಯವರೆಲ್ಲ ರೂಪೇಶನ ಮಾತು ಕೇಳುವವರು. ಚುನಾವಣೆಯಲ್ಲಿ ಅವನು ಈಚೆಗೂ ಬಂದು ಮಂಗೇಶನ ವಿರುದ್ಧ ಓಡಾಡಿದ್ದ. ಆ ಸಿಟ್ಟು ಇವನ ಹೊಟ್ಟೆಯಲ್ಲಿತ್ತು. ಹೋಳಿಯ ಹೊತ್ತಿಗೆ ರೂಪೇಶನ ತಾಯಿ ಸತ್ತ ಸುದ್ದಿ ಬಂದಾಗ ಮಂಗೇಶ ಚಾದಂಗಡಿಯ ಬೆಂಚಿನಿಂದ ಏಳಲೂ ಇಲ್ಲ. “ಅದು ಬೇರೆ ವಾರ್ಡು, ಅವ್ರ ಮೆಂಬರ್ ನೋಡ್ಕಳ್ಲಿ” ಎಂದು ಎಲ್ಲರೆದುರು ಹೇಳಿ ನಕ್ಕಿದ್ದ. ಎಂಥಾ ನಾಲಗೆಯಪ್ಪಾ ಅದು! ಆ ಮಾತು ಹೆಣ ಎತ್ತುವ ಮೊದಲೇ ಗಟಾರ ದಾಟಿ ಆಚೆ ತಲುಪಿತ್ತು.

ಮಂಗೇಶ ಹೋದ. ಕಂಬದ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು. ಆಚೆ ಮರಳಿನ ಮೇಲೆ ಬಲೆ ಹೆಣೆಯುತ್ತ ಕೂತವರು ಯಾರೂ ತಲೆಯೆತ್ತಲಿಲ್ಲ. ಒಬ್ಬ ಪಕ್ಕಕ್ಕೆ ತಿರುಗಿ ಉಗುಳಿದ. ಸ್ಮಶಾನ ಇರುವುದು ಅವರ ಬೆನ್ನ ಹಿಂದೆ, ಕಡಲ ದಂಡೆಯಲ್ಲಿ. ಕಟ್ಟಿಗೆ ಹಾಳಾಗಲಿ, ಚಟ್ಟವನ್ನೇ ದಾಟಲು ಬಿಡದಿದ್ದರೆ? ಅಪ್ಪನನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ? ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

“ರೂಪೇಶಾ...” ಎಂದ.

ರೂಪೇಶ ಎದ್ದ. ಗುಡಿಸಲಿನೊಳಗೆ ಹೋಗಿ ಹೊರಬಂದಾಗ ಅವನ ಕೈಯಲ್ಲಿ ಕೊಡಲಿ ಇತ್ತು. ಬಲೆ ಬಿಟ್ಟು ಉಳಿದವರೂ ಎದ್ದು ನಿಂತರು. ಹಿಂದಿನಿಂದ ಓಡಿಬಂದ ಸಂಕೇತ ಮಂಗೇಶನ ಅಂಗಿ ಹಿಡಿದೆಳೆದ. “ಬಾ ಮಾರಾಯ ಬಾ, ಅವ್ನ ಕೈ ನೋಡು!”

ಮಂಗೇಶ ಅಲುಗಲಿಲ್ಲ. ರೂಪೇಶ ಗಟಾರ ದಾಟಿ ನೇರ ಬಂದು, ಅವನ ಮುಖವನ್ನೂ ನೋಡದೆ, ಕೊಡಲಿ ಎತ್ತಿ ಕಂಬದ ಬುಡಕ್ಕೆ ಹಾಕಿದ. ಚಕ್ಕೆ ಹಾರಿ ಮಂಗೇಶನ ಕಾಲಿಗೆ ಬಡಿಯಿತು. ಮತ್ತೊಂದು ಏಟು, ಇನ್ನೊಂದು. ಕಂಬ ಲಟಕ್ಕೆಂದು ಗಟಾರಕ್ಕೆ ಅಡ್ಡಬಿತ್ತು. ರೂಪೇಶ ಅದನ್ನು ಹಲಗೆ ಸಮೇತ ಹೆಗಲಿಗೆ ಹಾಕಿಕೊಂಡು, ಕಾಂಕ್ರೀಟು ರಸ್ತೆಯ ಮೇಲೆ ನಡೆದು ಮಾಸ್ತಿಯ ಅಂಗಳಕ್ಕೆ ಬಂದ. ತೆಂಗಿನ ಬುಡದ ಕಟ್ಟಿಗೆಯ ಮೇಲೆ ಧೊಪ್ಪೆಂದು ಹಾಕಿದ.

“ನಮ್ಮಾಯಿ ಸತ್ತ ದಿನ ಮಾಸ್ತಿ ಮಾವ ಕಟ್ಟಿಗೆ ಹೊತ್ಕಂಡು ಬಂದಿದ್ರು,” ಎಂದ, ಬೆವರು ಒರೆಸಿಕೊಳ್ಳುತ್ತ. “ದಮ್ಮು ಹಿಡ್ದ ಜೀವ. ಕೂತು ಎದ್ದು, ಕೂತು ಎದ್ದು ಬಂದ್ರು. ಇದು ಅವ್ರಿಗೆ ತಂದದ್ದು. ನಿಂಗಲ್ಲ.”

ಮಂಗೇಶನಿಗೆ ಇದು ಗೊತ್ತೇ ಇರಲಿಲ್ಲ. ತಾಯಿಯ ಕಡೆ ನೋಡಿದ. ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಗಟಾರದ ಆಚೆಯಿಂದ ಒಬ್ಬೊಬ್ಬರಾಗಿ ಕಟ್ಟಿಗೆ ಹೊತ್ತು ಬರತೊಡಗಿದರು. ಉಗುಳಿದವನೂ ಬಂದ. ತೆಂಗಿನ ಬುಡದ ರಾಶಿ ಏರುತ್ತ ಹೋಯಿತು. ಹೀರಾ ಈಗ ಬಾಯಿಬಿಟ್ಟು ಅತ್ತಳು.

ಸಂಕೇತ ಬಗ್ಗಿ, ಕಂಬಕ್ಕೆ ಇನ್ನೂ ಅಂಟಿಕೊಂಡಿದ್ದ ಹಲಗೆಯ ಮೊಳೆಗೆ ಕೈ ಹಾಕಿದ. “ಇದನ್ನ ಕಿತ್ತಿಡ್ತೆ ಮಂಗೇಶಣ್ಣ. ನಿನ್ ಹೆಸ್ರು ಅದೆ ಇದ್ರಲ್ಲಿ.”

“ಬಿಡು ಅದನ್ನ,” ಎಂದ ಮಂಗೇಶ. “ಕಂಬ ಅವನ ಮನೇ ಕಟ್ಟಿಗೆ. ಹಲಗೆ ನಮ್ಮ ಮನೇದು.”