ನೀಲವ್ವನ ಬೆಳಗಿನ ಕರೆ

ಚಂದ್ರನ ಮೇಲಿನ ಆ ಓಣಿಯಲ್ಲಿ ರಾತ್ರಿ ಹೋದ ಕರೆಂಟು ಬೆಳಿಗ್ಗೆ ಬರುವಷ್ಟರಲ್ಲಿ ಮನೆಗಳ ಯಂತ್ರಗಳಲ್ಲಿನ ವಿಳಾಸ ಅಳಿದು, ಮನೆಗಳು ಒಂದನ್ನೊಂದು ಮರೆತಿರುತ್ತಿದ್ದವು. ಓಣಿಯ ನೆಟ್‌ವರ್ಕ್ ನೋಡಿಕೊಳ್ಳುವ ನೀಲವ್ವ ಚಹಾ ಹೀರುತ್ತ, ತಂತಿ ಫೋನಿನಲ್ಲಿ ಒಂದೊಂದೇ ಮನೆಯನ್ನು ಕರೆದು, ವಿಳಾಸ ತುಂಬಿ ನೆಟ್‌ವರ್ಕಿಗೆ ಜೋಡಿಸುತ್ತಿದ್ದಳು. ಹಾಗೆಯೇ ಅವರವರ ಮೊಣಕಾಲು ನೋವು, ಸೊಸೆಯ ಮುನಿಸು ಎಲ್ಲ ವಿಚಾರಿಸುತ್ತಿದ್ದಳು.

ಮೊನ್ನೆ ಮೆಕ್ಯಾನಿಕ್ ಈರಪ್ಪ ಬಂದು ಸೆಟ್ಟಿಂಗುಗಳನ್ನು ಕಾಯಂ ಮಾಡಿಹೋದ. "ಅಕ್ಕಾರ, ಇನ್ನ ಆರಾಮ ಕುಂದರ್ರಿ. ಕರೆಂಟ್ ಹೋಗಿ ಬಂದ್ರೂ ಮನಿ ಮರೆಯೂದಿಲ್ಲ."

ಮರುದಿನ ನೀಲವ್ವನ ಮುಂದಿನ ಹಲಗೆಯಲ್ಲಿ, ಜೋಡಣೆಯಾದ ಮನೆಗೊಂದರಂತೆ ಹೊತ್ತುವ ಹಸಿರು ದೀಪಗಳೆಲ್ಲ ತಾವಾಗಿಯೇ ಹೊತ್ತಿಕೊಂಡವು. ಕರೆಯಲು ಯಾರೂ ಉಳಿಯಲಿಲ್ಲ. ಹಳೆಯ ಬೆಳಗುಗಳನ್ನು ನೆನೆಯುತ್ತ ಕುಳಿತವಳ ಚಹಾ ಲೋಟದಲ್ಲೇ ಆರಿತು.

ಇಂದು ಮಾತ್ರ ಎದುರುಮನೆಯ ದೀಪ ಹೊತ್ತಲಿಲ್ಲ. ನೀಲವ್ವ ಗಾಬರಿಯಿಂದ ಫೋನೆತ್ತಿದಳು. "ಶಂಕ್ರವ್ವಾ, ಏನಾತು?"

"ಏನಿಲ್ಲ. ಈರಪ್ಪ ಕಾಯಂ ಮಾಡಿದ್ದನ್ನ ನಾನೇ ಅಳಿಸೀನಿ. ವಿಳಾಸ ಆಮ್ಯಾಲೆ ತುಂಬುವಂತಿ, ಮೊದಲ ನನ್ನ ಮೊಣಕಾಲು ಹೆಂಗೈತಿ ಕೇಳು."