ಸವೆದ ಪಂಚು

ಬಾಗಿಲು ತೆರೆದ ಅಮ್ಮಾಜಮ್ಮ ಕೋದಂಡಪ್ಪನ ಮುಖ ನೋಡಲಿಲ್ಲ. ಇವಳಿಗೆ ಗೊತ್ತಾಗಿಬಿಟ್ಟಿದೆ ಅಂದುಕೊಂಡ ಅವನು.

ಆಂಡರ್ಸನ್‌ಪೇಟೆಯ ಆ ಒಂಟಿ ಕೋಣೆಯಲ್ಲಿ ಅವಳ ಗಂಡ ಮುನಿಶಾಮಿ ಮಲಗಿದ್ದ. ಮೊಣಕಾಲಿನ ಕೆಳಗೆ ಬಲಗಾಲಿರಲಿಲ್ಲ. ಮೂವರೂ ಬಂಗಾರಪೇಟೆಯ ಒಂದೇ ಕಾರ್ಖಾನೆಯವರು. ಕೋದಂಡಪ್ಪ ತಗಡು ಒತ್ತುವ ಪ್ರೆಸ್ಸಿನ ಮೇಲೆ, ಮುನಿಶಾಮಿ ಲೋಡಿಂಗಿಗೆ, ಅಮ್ಮಾಜಮ್ಮ ಕಸ ಗುಡಿಸಲು. ದಸರಾ ಮುಗಿದ ವಾರ, ಗಣಿಗೆ ಹೊರಟಿದ್ದ ತಗಡಿನ ಗಾಳಿಕೊಳವೆಯನ್ನು ಲಾರಿಗೆ ಎತ್ತುವಾಗ ಅದರ ಜೋಡಣೆ ಬಿಟ್ಟುಕೊಂಡಿತು. ಕೆಳಗೆ ಮುನಿಶಾಮಿ ಇದ್ದ.

"ಕೊಳವೆ ಯಾಕ್ ಬಿಡ್ತು ಅಂತ ಸಾಹೇಬ್ರು ಏನಾದ್ರೂ ಕಂಡಿಡುದ್ರಾ ಅಣ್ಣ?" ಅಮ್ಮಾಜಮ್ಮ ಕೇಳಿದಳು.

"ಇನ್ನೂ ಇಲ್ಲ."

"ಯಾರ ಮೇಲಾದ್ರೂ ಅನುಮಾನ?"

ಚುಚ್ಚಿ ಕೇಳುತ್ತಿದ್ದಾಳೆ. ಕಾಫಿ ಲೋಟವನ್ನು ಕೈಗೆ ಕೊಡದೆ ಅವನ ಮುಂದೆ ನೆಲದ ಮೇಲಿಟ್ಟಳು. ಸಿಟ್ಟಿರಬೇಕು, ಇರದೆ ಏನು? ಅಂದಿನಿಂದ ಅವಳು ಕಾರ್ಖಾನೆಯ ಕಡೆ ತಲೆ ಹಾಕಿರಲಿಲ್ಲ. ಗಂಡನ ಕಾಲು ತೆಗೆದವನ ಜೊತೆ ಯಾವಳು ತಾನೇ ಕೆಲಸಕ್ಕೆ ಬಂದಾಳು?

ರಿವೆಟ್ಟಿನ ಮೊಳೆಯಿಲ್ಲದೆ ಎರಡು ತಗಡನ್ನು ಒತ್ತಿ ಒಂದಕ್ಕೊಂದು ಕಚ್ಚಿಸುವುದು ಕೋದಂಡಪ್ಪನ ಕೆಲಸ. ಒತ್ತುವ ಪಂಚೆಂಬ ಉಕ್ಕಿನ ಕಡ್ಡಿಗೆ ಚಿನ್ನದ ಬಣ್ಣದ ಗಟ್ಟಿ ಲೇಪವಿರುತ್ತದೆ. ಅದು ಸವೆದು ತುದಿಯಲ್ಲಿ ಬೂದುಬಣ್ಣ ಕಂಡರೆ ಪಂಚು ಗುಜರಿಗೆ ಹೋಗಬೇಕು. ಇಲ್ಲದಿದ್ದರೆ ತಗಡು ಅರೆಬರೆ ಕಚ್ಚಿ, ಭಾರ ಬಿದ್ದಾಗ ಬಿಟ್ಟುಕೊಳ್ಳುತ್ತದೆ. ಈ ಪಾಠವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನೂ ಅವನೇ.

ಅವನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನಾಳೆ ಸಾಹೇಬ್ರಿಗೆ ಏಳ್ಬಿಡ್ತೀನಿ ಕಣಮ್ಮ. ಕೆಲ್ಸ ಓದ್ರೆ ಓಗ್ಲಿ. ಮೊದ್ಲು ನಿಂಗೆ ಏಳ್ಬೇಕು ಅಂತ ಬಂದೆ. ಸವೆದ ಪಂಚಲ್ಲೇ ಆ ಕೊಳವೆ ಒತ್ತಿದ್ದು. ಆಯುಧಪೂಜೇಲಿ ತಟ್ಟೇಲಿದ್ದ ಪಂಚಿಗೆಲ್ಲ ಅರಿಶಿನ ಬಳ್ದಿತ್ತಲ್ಲ, ತುದೀಲಿ ಬೂದುಬಣ್ಣ ಕಾಣ್ಲಿಲ್ಲ, ಒರೆಸಿ ನೋಡ್ದಂಗೇ ಒಂದನ್ನ ಮಿಷನ್ನಿಗೆ ಆಕ್ಬಿಟ್ಟೆ. ಸವೆದಿದ್ದನ್ನ ಪೂಜೆಗೆ ಮುಂಚೇನೇ ಗುಜರಿ ಡಬ್ಬಕ್ಕೆ ಬಿಸಾಕಿದ್ದೆ ಅಂದ್ಕೊಂಡಿದ್ದೆ. ಬಿಸಾಕೋದು ಮರ್ತಿದ್ದೀನಿ. ಇವನ ಬಾಳು ಆಳು ಮಾಡ್ದೋನು ನಾನು."

ಅಮ್ಮಾಜಮ್ಮ ನಿದ್ದೆಯಲ್ಲಿದ್ದ ಗಂಡನ ಹೊದಿಕೆ ಸರಿಮಾಡಿದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಅವಳು ಮೊದಲ ಸಲ ಕೋದಂಡಪ್ಪನ ಕಣ್ಣಿಗೆ ಕಣ್ಣು ಕೊಟ್ಟಳು.

"ನೀನು ಮರ್ತಿರ್ಲಿಲ್ಲ ಅಣ್ಣ, ಬಿಸಾಕಿದ್ದೆ. ಅಷ್ಟು ದುಡಿದ ಆಯುಧಕ್ಕೆ ಪೂಜೆ ತಪ್ಪಬಾರ್ದು ಅಂತ ಡಬ್ಬದಿಂದ ಎತ್ತಿ, ಅರಿಶಿನ ಬಳ್ದು ತಟ್ಟೇಲಿಟ್ಟೋಳು ನಾನು."